ರಕ್ತದೊತ್ತಡ: ಮನಸ್ಸನ್ನು ದೂರುವ ಮೊದಲು

2025ರ ಜೂನ್ ಕೊನೆ, ಜುಲೈ ಮೊದಲ ದಿನಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಹೆದರಿದ ಜನ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲುಗಟ್ಟಿದರು. ಎದೆನೋವಿನ ಸುಳಿವೂ ಇಲ್ಲದವರು ಇಸಿಜಿ ಮಾಡಿಸಿಕೊಂಡು, ಸದ್ಯ ಏನೂ ಇಲ್ಲ ಎಂದು ಊರಿಗೆ ಮರಳಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ನೇಮಿಸಿದ ಸಮಿತಿ, ಹೃದಯಾಘಾತದ ಪ್ರಮಾಣ ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಭಯ ಇಳಿಯಿತು, ಅದರೊಂದಿಗೆ ಚರ್ಚೆಯೂ ನಿಂತುಹೋಯಿತು. ಚರ್ಚೆ ನಿಲ್ಲಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಆ ಸಾಲಿನಲ್ಲಿ ನಿಂತವರ ಪೈಕಿ ಹಲವರ ರಕ್ತದೊತ್ತಡ ಹೆಚ್ಚಿದ್ದಿರಲೇಬೇಕು, ಮತ್ತು ಅದನ್ನು ತಿಳಿಯಲು ಅವರು ಜಿಲ್ಲೆ ದಾಟಿ ಹೋಗಬೇಕಿರಲಿಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಪಟ್ಟಿ ಸುತ್ತಿ ಐದು ನಿಮಿಷದಲ್ಲಿ ಹೇಳಬಹುದಾದ ಸಂಗತಿ ಅದು. ಒತ್ತಡ ವರ್ಷಗಟ್ಟಲೆ ಏರಿದ್ದರೂ ಇಸಿಜಿ ಸರಿಯಾಗಿಯೇ ಕಾಣಬಹುದು. ಎಷ್ಟು ಜನ ಆ ಕಾಗದ ನೋಡಿ ಸುಳ್ಳು ನೆಮ್ಮದಿ ಕೊಂಡುಕೊಂಡರೋ!

ನಮ್ಮಲ್ಲಿ ಯಾರಿಗಾದರೂ ಬಿಪಿ ಇದೆ ಎಂದು ಗೊತ್ತಾದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಏನು ಅಷ್ಟೊಂದು ಟೆನ್ಶನ್ ಮಾಡ್ಕೊಂಡಿದ್ದೀರಿ?’ ಎರಡನೆಯದು ಉಪದೇಶ: ಸಿಟ್ಟು ಕಡಿಮೆ ಮಾಡಿ, ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಹೆಂಗಸಾದರೆ ಇನ್ನೂ ಒಂದು ಮಾತು ಸೇರುತ್ತದೆ, ‘ಅವಳು ಮೊದಲಿಂದಲೂ ಹಾಗೇ, ಸಣ್ಣದಕ್ಕೆಲ್ಲ ರೇಗುತ್ತಾಳೆ.’ ಕಾಯಿಲೆ ಬಂದವರೇ ಕಾಯಿಲೆಗೆ ಕಾರಣ ಎಂದು ತೀರ್ಪಾಗುತ್ತದೆ. ತಟ್ಟೆಯಲ್ಲಿ ಏನಿತ್ತು, ಬೆನ್ನುನೋವಿಗೆ ದಿನಾ ಯಾವ ಮಾತ್ರೆ ನುಂಗುತ್ತಿದ್ದರು, ರಾತ್ರಿ ಗೊರಕೆ ಎಷ್ಟಿತ್ತು, ಯಾರೂ ಕೇಳುವುದಿಲ್ಲ. ಈ ಅಭ್ಯಾಸವನ್ನು ಬಿಡದೆ ನಾವು ರಕ್ತದೊತ್ತಡವನ್ನು ಇಳಿಸಲಾರೆವು.

ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ದೇಶವ್ಯಾಪಿ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿದೆ. ಅಂದರೆ ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಇಷ್ಟು ಜನರ ಸ್ವಭಾವದಲ್ಲಿ ಒಂದೇ ದೋಷ ಇದೆ ಎಂದು ನಂಬಲು ಸಾಧ್ಯವೇ? ಗದ್ದೆಯಲ್ಲಿ ದುಡಿಯುವವರು, ಬೀಡಿ ಕಟ್ಟುವವರು, ಬ್ಯಾಂಕಿನಲ್ಲಿ ಕೂತವರು, ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿರುವವರು ಎಲ್ಲರೂ ಈ ಲೆಕ್ಕದಲ್ಲಿದ್ದಾರೆ. ಅವರೆಲ್ಲರನ್ನೂ ತಟ್ಟುವ ಕಾರಣ ಅವರೆಲ್ಲರೂ ಹಂಚಿಕೊಂಡ ಬದುಕಿನಲ್ಲೇ ಇರಬೇಕು.

ಈ ಮಾತನ್ನು ಸ್ಪಷ್ಟವಾಗಿ ಹೇಳಿದವರು ಲಂಡನ್ನಿನ ವೈದ್ಯವಿಜ್ಞಾನಿ ಜೆಫ್ರಿ ರೋಸ್. 1985ರಲ್ಲಿ ಬರೆದ ಲೇಖನವೊಂದರಲ್ಲಿ ಅವರು ಕೀನ್ಯಾದ ಅಲೆಮಾರಿಗಳ ಮತ್ತು ಲಂಡನ್ನಿನ ಸರ್ಕಾರಿ ನೌಕರರ ರಕ್ತದೊತ್ತಡವನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಎರಡೂ ಗುಂಪಿನಲ್ಲಿ ಹೆಚ್ಚು ಒತ್ತಡದವರೂ ಇದ್ದರು, ಕಡಿಮೆ ಒತ್ತಡದವರೂ ಇದ್ದರು. ಆದರೆ ಲಂಡನ್ನಿನ ಇಡೀ ಗುಂಪೇ ಮೇಲಕ್ಕೆ ಸರಿದಿತ್ತು. ‘ಈ ಮನುಷ್ಯನಿಗೆ ಏಕೆ ಬಂತು’ ಎಂಬುದು ಒಂದು ಪ್ರಶ್ನೆ, ‘ಈ ಜನಸಮೂಹಕ್ಕೆ ಏಕೆ ಬಂತು’ ಎಂಬುದು ಬೇರೆಯೇ ಪ್ರಶ್ನೆ, ಮೊದಲನೆಯದಕ್ಕೆ ಸಿಕ್ಕ ಉತ್ತರ ಎರಡನೆಯದಕ್ಕೆ ಸಾಲದು ಎಂಬುದು ರೋಸ್ ಅವರ ವಾದ. ಒಂದೇ ಕಚೇರಿಯ ಇಬ್ಬರಲ್ಲಿ ಒಬ್ಬನಿಗೆ ಬಿಪಿ ಇದ್ದು ಇನ್ನೊಬ್ಬನಿಗೆ ಇಲ್ಲದಿರಲು ವಂಶವಾಹಿ, ತೂಕ, ಸ್ವಭಾವ ಏನಾದರೂ ಕಾರಣವಾಗಿರಬಹುದು. ಇಡೀ ಕಚೇರಿಯ ಸರಾಸರಿಯೇ ಏರಿದ್ದರೆ ಅವರೆಲ್ಲ ಏನು ತಿನ್ನುತ್ತಾರೆ, ಹೇಗೆ ಬದುಕುತ್ತಾರೆ ಎಂದೇ ನೋಡಬೇಕು.

ಹಾಗೆ ನೋಡಿದ ದೊಡ್ಡ ಪ್ರಯತ್ನ ಇಂಟರ್‌ಸಾಲ್ಟ್. 32 ದೇಶಗಳ 52 ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತದೊತ್ತಡವನ್ನೂ, ಇಪ್ಪತ್ತನಾಲ್ಕು ಗಂಟೆಯ ಮೂತ್ರದಲ್ಲಿ ಹೊರಹೋಗುವ ಉಪ್ಪನ್ನೂ ಅಳೆದು 1988ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬ್ರೆಜಿಲ್ಲಿನ ಕಾಡಿನಲ್ಲಿ ಬದುಕುವ ಯಾನೊಮಾಮಿ ಜನರೂ ಅದರಲ್ಲಿದ್ದರು. ಅವರು ಊಟಕ್ಕೆ ಉಪ್ಪು ಬೆರೆಸುವುದೇ ಇಲ್ಲ ಎನ್ನಬಹುದು. ಅವರಲ್ಲಿ ಇಪ್ಪತ್ತರ ಯುವಕನ ಒತ್ತಡಕ್ಕೂ ಐವತ್ತು ದಾಟಿದವನ ಒತ್ತಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ, ಅಧಿಕ ರಕ್ತದೊತ್ತಡ ಹುಡುಕಿದರೂ ಸಿಗುತ್ತಿರಲಿಲ್ಲ. ‘ವಯಸ್ಸಾದ ಮೇಲೆ ಬಿಪಿ ಬರೋದೇ’ ಎಂದು ನಾವು ಒಪ್ಪಿಕೊಂಡಿರುವುದು ಪ್ರಕೃತಿಯ ನಿಯಮವಲ್ಲ ಎಂದು ಅವರಿಂದ ತಿಳಿಯಿತು. ಅವರು ತೆಳ್ಳಗಿದ್ದರು, ಮದ್ಯ ಕುಡಿಯುತ್ತಿರಲಿಲ್ಲ, ಮೈಮುರಿದು ದುಡಿಯುತ್ತಿದ್ದರು, ನಿಜ. ಎಲ್ಲವನ್ನೂ ಉಪ್ಪೊಂದರ ತಲೆಗೆ ಕಟ್ಟಲಾಗದು. ಆದರೆ 1990ರಲ್ಲಿ ಕೀನ್ಯಾದಿಂದ ಬಂದ ಇನ್ನೊಂದು ಅಧ್ಯಯನವನ್ನೂ ಜೊತೆಗಿಟ್ಟು ನೋಡಬೇಕು. ಪಶ್ಚಿಮದ ಹಳ್ಳಿಗಳಿಂದ ನೈರೋಬಿಗೆ ಕೆಲಸ ಹುಡುಕಿ ಬಂದ ಲುವೊ ಸಮುದಾಯದವರ ರಕ್ತದೊತ್ತಡ ಕೆಲವೇ ತಿಂಗಳಲ್ಲಿ ಊರಿನಲ್ಲೇ ಉಳಿದವರಿಗಿಂತ ಮೇಲೇರಿತ್ತು. ದೇಹಕ್ಕೆ ಸೇರುವ ಸೋಡಿಯಂ ಹೆಚ್ಚಿತ್ತು, ಪೊಟ್ಯಾಸಿಯಂ ತಗ್ಗಿತ್ತು. ಅದೇ ಜನ, ಅದೇ ವಂಶ. ಬದಲಾದದ್ದು ಊರು ಮತ್ತು ಊಟ.

ಉಪ್ಪು ಹೆಚ್ಚಾದಾಗ ದೇಹ ಅದನ್ನು ತಿಳಿಯಾಗಿಸಲು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರಮಾಣ ಏರುತ್ತದೆ. ಆ ಉಪ್ಪನ್ನು ಹೊರದಬ್ಬಲು ಮೂತ್ರಪಿಂಡಗಳಿಗೆ ಹೆಚ್ಚಿನ ಒತ್ತಡ ಬೇಕಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಸಣ್ಣ ರಕ್ತನಾಳಗಳ ಗೋಡೆ ದಪ್ಪಗಾಗಿ ಬಿಗಿಯುತ್ತದೆ, ಏರಿದ ಒತ್ತಡವೇ ದೇಹದ ಹೊಸ ರೂಢಿಯಾಗುತ್ತದೆ. ಇಷ್ಟೆಲ್ಲ ಆಗುವಾಗ ನೋವಿಲ್ಲ, ತಲೆಸುತ್ತಿಲ್ಲ, ಮೂಗಿನಿಂದ ರಕ್ತ ಬರುವುದಿಲ್ಲ. ‘ನನಗೆ ಬಿಪಿ ಏರಿದರೆ ಗೊತ್ತಾಗುತ್ತೆ’ ಎನ್ನುವವರ ಮಾತನ್ನು ನಂಬಬಾರದು. ಅವರೂ ನಂಬಬಾರದು.

ವಿಶ್ವ ಆರೋಗ್ಯ ಸಂಸ್ಥೆ ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಸುಮಾರು ಒಂದು ಸಮತಟ್ಟಾದ ಟೀ ಚಮಚ. ಭಾರತೀಯರು ತಿನ್ನುತ್ತಿರುವುದು ಅದಕ್ಕಿಂತ ಬಹಳ ಹೆಚ್ಚು, ಹಲವು ಅಧ್ಯಯನಗಳಲ್ಲಿ 8ರಿಂದ 10 ಗ್ರಾಂ. ನಿಮ್ಮ ಮನೆಯದು ಎಷ್ಟು ಎಂದು ತಿಳಿಯಲು ಪ್ರಯೋಗಾಲಯ ಬೇಡ. ನಾಲ್ವರಿರುವ ಮನೆಗೆ ತಲಾ 5 ಗ್ರಾಂನಂತೆ ತಿಂಗಳಿಗೆ 600 ಗ್ರಾಂ ಸಾಕು. ಒಂದು ಕಿಲೋ ಪ್ಯಾಕೆಟ್ ತಿಂಗಳೊಳಗೆ ಖಾಲಿಯಾದರೆ ತಲಾ ಎಂಟು ಗ್ರಾಂ ದಾಟಿತು. ತರಕಾರಿ ತೊಳೆಯಲು, ಸೊಪ್ಪು ಬೇಯಿಸಿ ಬಸಿಯಲು ಹೋಗಿದ್ದನ್ನು ಸ್ವಲ್ಪ ಕಳೆಯಿರಿ. ಹೊರಗೆ ತಿಂದ ಪುರಿ, ಖಾರಾ ಬನ್ನು, ಮಿಕ್ಸ್ಚರು, ಹೋಟೆಲಿನ ಸಾಂಬಾರು ಎಲ್ಲವನ್ನೂ ಕೂಡಿಸಿ.

ಉಪ್ಪು ನಮ್ಮ ಅಡುಗೆಯಲ್ಲಿ ಕೂತಿರುವ ಜಾಗವೂ ವಿಚಿತ್ರ. ಮುದ್ದೆಗೆ ಉಪ್ಪಿಲ್ಲ, ಅನ್ನಕ್ಕೆ ಉಪ್ಪಿಲ್ಲ, ಜೋಳದ ರೊಟ್ಟಿಗೆ ಹಾಕಿದರೂ ಚಿಟಿಕೆ. ಹೊಟ್ಟೆ ತುಂಬಿಸುವ ಪದಾರ್ಥ ಸಪ್ಪೆ, ಅದನ್ನು ಗಂಟಲಿಗಿಳಿಸುವ ಪದಾರ್ಥ ಖಡಕ್ಕು. ಮಂಡ್ಯ ಸೀಮೆಯ ಉಪ್ಸಾರು, ಕರಾವಳಿಯ ಗಂಜಿಯ ಪಕ್ಕದ ಒಣಮೀನು, ಮಲೆನಾಡಿನ ಅಪ್ಪೆಮಿಡಿ, ಉತ್ತರ ಕರ್ನಾಟಕದ ಚಟ್ನಿಪುಡಿ, ಎಲ್ಲೆಡೆಯ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಬಡತನದಲ್ಲಿ ಪಲ್ಯ ಕಡಿಮೆಯಾದಷ್ಟೂ ಉಪ್ಪು, ಖಾರ ಹೆಚ್ಚುತ್ತದೆ; ತರಕಾರಿ ಕೊಳ್ಳಲಾಗದ ಮನೆಯಲ್ಲಿ ಉಪ್ಪಿನಕಾಯಿಯೇ ಪಲ್ಯ. ಹೀಗಾಗಿ ಉಪ್ಪಿನ ಮಾತು ಕೂಲಿಯ ಮಾತೂ ಹೌದು, ಸೊಪ್ಪು, ಬಾಳೆಹಣ್ಣಿನ ಬೆಲೆಯ ಮಾತೂ ಹೌದು. ಸೋಡಿಯಂ ಏರಿಸುವುದನ್ನು ಪೊಟ್ಯಾಸಿಯಂ ಇಳಿಸುತ್ತದೆ, ಅದಿರುವುದು ಸೊಪ್ಪು, ಕಾಳು, ಹಣ್ಣು, ಎಳನೀರಿನಲ್ಲಿ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಡ್ಯಾಶ್ ಪ್ರಯೋಗದಲ್ಲಿ ತರಕಾರಿ, ಹಣ್ಣು, ಕೊಬ್ಬು ಕಡಿಮೆಯಿರುವ ಹಾಲು-ಮೊಸರು ಹೆಚ್ಚಿದ್ದ ಊಟ ಎರಡೇ ವಾರಗಳಲ್ಲಿ ಒತ್ತಡವನ್ನು ಇಳಿಸಿತು. ನಮ್ಮ ಬಸ್ಸಾರು, ಕೋಸಂಬರಿ, ಹುರುಳಿಕಾಳಿನ ಸಾರು ಆ ಊಟಕ್ಕೆ ಹತ್ತಿರವೇ ಇವೆ, ಉಪ್ಪನ್ನು ಮಾತ್ರ ಹಿಡಿದು ಹಾಕಬೇಕು.

ಬಿಸಿಲಿನಲ್ಲಿ ಬೆವರು ಸುರಿಸುವವರಿಗೆ ಉಪ್ಪು ಬೇಡವೇ ಎಂದು ರೈತರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸುಡುಬಿಸಿಲಿನಲ್ಲಿ ಇಡೀ ದಿನ ದುಡಿಯುವವರಿಗೆ ತುಸು ಹೆಚ್ಚು ಬೇಕಾಗಬಹುದು. ಆದರೆ ಯಾನೊಮಾಮಿಗಳು ಬದುಕುವುದೂ ಬೆವರಿಳಿಸುವ ಕಾಡಿನಲ್ಲೇ. ಉಪ್ಪು ಕಡಿಮೆಯಾದಾಗ ಬೆವರಿನಲ್ಲೂ ಮೂತ್ರದಲ್ಲೂ ಅದನ್ನು ಉಳಿಸಿಕೊಳ್ಳುವುದನ್ನು ದೇಹ ಕಲಿಯುತ್ತದೆ. ಇನ್ನೊಂದು ತಕರಾರು ವಿಜ್ಞಾನಿಗಳದ್ದೇ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಭಾಗವಹಿಸಿರುವ ‘ಪ್ಯೂರ್’ ಎಂಬ ಬಹುರಾಷ್ಟ್ರೀಯ ಅಧ್ಯಯನ, ಉಪ್ಪು ತೀರಾ ಕಡಿಮೆಯಾದರೂ ಅಪಾಯ ಹೆಚ್ಚುತ್ತದೆ ಎಂದು 2014ರಲ್ಲಿ ಹೇಳಿತು. ಒಂದು ಹೊತ್ತಿನ ಮೂತ್ರದಿಂದ ಇಡೀ ದಿನದ ಉಪ್ಪನ್ನು ಅಂದಾಜಿಸಿದ ಅದರ ವಿಧಾನವನ್ನು ಹಲವು ತಜ್ಞರು ಪ್ರಶ್ನಿಸಿದ್ದಾರೆ, ವಾದ ಇನ್ನೂ ಮುಗಿದಿಲ್ಲ. ಆದರೆ ದಿನಕ್ಕೆ ಹತ್ತು ಗ್ರಾಂ ತಿನ್ನುವ ಮನೆಗೆ ಈ ವಾದದ ತೀರ್ಪು ಬರುವವರೆಗೆ ಕಾಯುವ ಅಗತ್ಯವಿಲ್ಲ. ಇನ್ನು ಸೈಂಧವ ಲವಣ, ಕಲ್ಲುಪ್ಪು, ಗುಲಾಬಿ ಉಪ್ಪು: ಎಲ್ಲದರಲ್ಲೂ ಸೋಡಿಯಂ ಕ್ಲೋರೈಡೇ ಇರುವುದು. ಅಯೋಡಿನ್ ಬೆರೆಸಿದ ಉಪ್ಪನ್ನು ಬಿಟ್ಟು ದುಬಾರಿ ಕಲ್ಲುಪ್ಪಿಗೆ ಹೋಗುವವರು ಗಳಿಸುವುದೇನೂ ಇಲ್ಲ.

ಹಾಗಾದರೆ ಮನಸ್ಸಿಗೂ ರಕ್ತದೊತ್ತಡಕ್ಕೂ ಸಂಬಂಧವೇ ಇಲ್ಲವೇ? ಇದೆ. ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಬಲವಾದ ಸಾಕ್ಷ್ಯವನ್ನು ಮುಚ್ಚಿಡುವುದು ಸರಿಯಲ್ಲ. ಇಟಲಿಯ ಉಂಬ್ರಿಯಾದಲ್ಲಿ ಮಠದೊಳಗೇ ಬದುಕುವ 144 ಸನ್ಯಾಸಿನಿಯರನ್ನು, ಅದೇ ಪ್ರಾಂತ್ಯದ 138 ಗೃಹಿಣಿ-ಉದ್ಯೋಗಿ ಮಹಿಳೆಯರೊಂದಿಗೆ ಹೋಲಿಸಿ ಇಪ್ಪತ್ತು ವರ್ಷ ಗಮನಿಸಲಾಯಿತು. 1988ರಲ್ಲಿ ಬಂದ ವರದಿಯ ಪ್ರಕಾರ ಸನ್ಯಾಸಿನಿಯರ ಒತ್ತಡ ವಯಸ್ಸಿನೊಂದಿಗೆ ಏರಲಿಲ್ಲ, ಹೊರಗಿನವರದು ಏರಿತು. ತಿಂದ ಉಪ್ಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಂದರೆ ಶಾಂತವಾದ ಬದುಕು ರಕ್ತನಾಳಗಳನ್ನು ಕಾಯುತ್ತದೆ. ಆದರೆ ಆ ಶಾಂತಿ ಬಂದದ್ದೆಲ್ಲಿಂದ? ಅದು ಆ 144 ಮಹಿಳೆಯರು ಒಬ್ಬೊಬ್ಬರೇ ಸಿಟ್ಟನ್ನು ಗೆದ್ದು ಗಳಿಸಿದ್ದಲ್ಲ. ಹೊತ್ತಿಗೆ ಸರಿಯಾಗಿ ನಿದ್ದೆ, ಹೊತ್ತಿಗೆ ಸರಿಯಾಗಿ ಊಟ, ಗೊತ್ತಾದ ಕೆಲಸ, ಮೌನ, ನಾಳೆಯ ಅನ್ನದ ಚಿಂತೆಯಿಲ್ಲದಿರುವುದು. ಮಠದ ವ್ಯವಸ್ಥೆ ಅವರಿಗೆ ಇದನ್ನೆಲ್ಲ ಕೊಟ್ಟಿತ್ತು. ರಾತ್ರಿ ಪಾಳಿಯ ಗಾರ್ಮೆಂಟ್ಸ್ ಕಾವಲುಗಾರನಿಗೆ, ಸಾಲದ ಕಂತು ಕಟ್ಟಲು ಎರಡು ಮನೆಗೆಲಸ ಹಿಡಿದಿರುವ ತಾಯಿಗೆ ‘ಟೆನ್ಶನ್ ತಗೋಬೇಡಿ’ ಎಂದು ಹೇಳಿದರೆ ಅವರ ಕೈಗೆ ಏನನ್ನು ಕೊಟ್ಟಂತಾಯಿತು? ಒತ್ತಡದ ಬದುಕನ್ನು ಹಾಗೇ ಇಟ್ಟು ಒತ್ತಡಪಡಬೇಡ ಎನ್ನುವುದು ನಿರ್ದಯದ ಮಾತು. ಪ್ರಾಣಾಯಾಮ, ಧ್ಯಾನ ಮಾಡಬಲ್ಲವರು ಖಂಡಿತ ಮಾಡಲಿ, ತುಸು ಇಳಿಯುತ್ತದೆ. ಅವು ಮಾತ್ರೆಯ ಜಾಗಕ್ಕೆ ಬರಬಾರದು.

ಉಳಿದ ಕಾರಣಗಳಲ್ಲಿ ಕೆಲವು ಎಲ್ಲರಿಗೂ ಗೊತ್ತು: ತೂಕ, ಮದ್ಯ, ನಡಿಗೆಯಿಲ್ಲದ ದಿನಚರಿ, ತಂದೆತಾಯಿಯರಿಂದ ಬಂದ ಬಳುವಳಿ. ಗೊತ್ತಿಲ್ಲದವನ್ನು ಹೇಳುತ್ತೇನೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ನೇರವಾಗಿ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ಮಾತ್ರೆಗಳು ಒತ್ತಡ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಕೆಮ್ಮಿಗೆ ದಿನಾ ಅಗಿಯುವ ಜ್ಯೇಷ್ಠಮಧು ಅತಿಯಾದರೆ ದೇಹದಲ್ಲಿ ಸೋಡಿಯಂ ಉಳಿಸಿ ಪೊಟ್ಯಾಸಿಯಂ ಕಳೆಯುತ್ತದೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. ಉಸಿರು ಕಟ್ಟಿ ಕಟ್ಟಿ ಬರುವ ಗೊರಕೆ, ಸ್ಟೀರಾಯ್ಡ್, ಕೆಲವು ಗರ್ಭನಿರೋಧಕ ಮಾತ್ರೆಗಳು, ಕಿಡ್ನಿಯ ತೊಂದರೆ ಕೂಡ ಕಾರಣಗಳೇ. ಮೂವತ್ತರೊಳಗೆ ಬಿಪಿ ಬಂದವರು ಇವನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ಗರ್ಭಿಣಿಯರಲ್ಲಿ ಏರುವ ಒತ್ತಡ ತಾಯಿ-ಮಗು ಇಬ್ಬರ ಜೀವಕ್ಕೂ ಕುತ್ತು ತರುತ್ತದೆ, ಅಲ್ಲಿ ಒಂದು ದಿನದ ತಡವೂ ಸಲ್ಲದು.

ಈಗ ಮಾತ್ರೆಯ ವಿಷಯ. ‘ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ, ಅದಕ್ಕೇ ಶುರು ಮಾಡಿಲ್ಲ’ ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ‘ಚೆಕ್ ಮಾಡಿಸಿದೆ, ನಾರ್ಮಲ್ ಬಂತು, ಮಾತ್ರೆ ಬಿಟ್ಟೆ’ ಎನ್ನುವವರು ಇನ್ನೂ ಹೆಚ್ಚು. ಬಿಪಿ ಮಾತ್ರೆ ಚಟ ಹಿಡಿಸುವುದಿಲ್ಲ. ನಾರ್ಮಲ್ ಬಂದದ್ದು ಮಾತ್ರೆಯಿಂದ. ಬಿಟ್ಟರೆ ದಿನಗಳಲ್ಲಿ ಅಥವಾ ವಾರಗಳಲ್ಲಿ ಮತ್ತೆ ಏರುತ್ತದೆ. ಮಾತ್ರೆಯಿಲ್ಲದ ಕಾಲ ಹೇಗಿತ್ತು ಎಂಬುದಕ್ಕೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಉದಾಹರಣೆ. 1945ರ ಫೆಬ್ರವರಿಯಲ್ಲಿ, ಯಾಲ್ಟಾ ಸಮ್ಮೇಳನದ ಹೊತ್ತಿಗೆ, ಅವರ ಒತ್ತಡ 260/150 ಮುಟ್ಟಿತ್ತು. ಜಗತ್ತಿನ ಅತಿ ಬಲಾಢ್ಯ ದೇಶದ ವೈದ್ಯರ ಕೈಯಲ್ಲಿ ಅದನ್ನು ಇಳಿಸುವ ಒಳ್ಳೆಯ ಔಷಧವಿರಲಿಲ್ಲ. ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು, 63ನೇ ವಯಸ್ಸಿನಲ್ಲಿ.

ಮುಂದಿನ ಕಥೆಯಲ್ಲಿ ನಮ್ಮ ಕಾಡಿನ ಗಿಡವೊಂದಿದೆ. ಸರ್ಪಗಂಧದ ಬೇರು ಒತ್ತಡ ಇಳಿಸುತ್ತದೆ ಎಂದು ಕಲ್ಕತ್ತೆಯ ಸೇನ್ ಮತ್ತು ಬೋಸ್ 1931ರಲ್ಲೇ ಬರೆದಿದ್ದರು. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಅನುಭವವನ್ನು 1949ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮ ಕಣ್ತೆರೆಯಿತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು. ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 1967ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಳಸಿದ ಮೂರು ಔಷಧಗಳಲ್ಲಿ ರೆಸರ್ಪಿನ್ ಒಂದು. ಕೆಳಗಿನ ಅಂಕಿ 115 ದಾಟಿದ 143 ಪುರುಷರಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಔಷಧ, ಉಳಿದವರಿಗೆ ಹುಸಿಮಾತ್ರೆ. ಹುಸಿಮಾತ್ರೆಯವರಲ್ಲಿ 27 ಜನರಿಗೆ ಸಾವೂ ಸೇರಿದಂತೆ ಗಂಭೀರ ಅನಾಹುತವಾಯಿತು, ಔಷಧ ತೆಗೆದುಕೊಂಡವರಲ್ಲಿ ಇಬ್ಬರಿಗೆ. ಒತ್ತಡ ಇಳಿಸಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಅಲ್ಲಿಂದ ಮುಂದೆ ಸಂಶಯ ಉಳಿಯಲಿಲ್ಲ. ಇಂದು ರೆಸರ್ಪಿನ್ನಿಗಿಂತ ಸೌಮ್ಯವಾದ ಔಷಧಗಳಿವೆ, ಹಾಗಾಗಿ ಯಾರೂ ಬೇರು ಅರೆದು ಕುಡಿಯಬಾರದು. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ತೀರಾ ಅಗ್ಗ. ಕಾಲು ಊದಿದರೆ, ಒಣಕೆಮ್ಮು ಬಂದರೆ ಮಾತ್ರೆ ನಿಲ್ಲಿಸುವ ಬದಲು ವೈದ್ಯರಿಗೆ ಹೇಳಬೇಕು, ಬದಲಿಗಳು ಬೇಕಾದಷ್ಟಿವೆ. ಮೇಲಿನ ಅಂಕಿ ಹತ್ತು ಇಳಿದರೆ ಹೃದಯ, ಮಿದುಳಿನ ದೊಡ್ಡ ಅನಾಹುತಗಳ ಸಾಧ್ಯತೆ ಸುಮಾರು ಐದನೇ ಒಂದರಷ್ಟು ತಗ್ಗುತ್ತದೆ.

ಆದರೂ ಮಾತ್ರೆ ಬಿಟ್ಟವರನ್ನೆಲ್ಲ ಉಡಾಫೆಯವರೆಂದು ಬೈಯುವಂತಿಲ್ಲ. ದಿನಗೂಲಿಯವಳಿಗೆ ಹತ್ತು ದಿನದ ಮಾತ್ರೆ ಕೊಟ್ಟು ಮತ್ತೆ ಬಾ ಎಂದರೆ, ಪುಕ್ಕಟೆ ಮಾತ್ರೆಗಾಗಿ ತಿಂಗಳಿಗೆ ಮೂರು ದಿನದ ಕೂಲಿ ಹೋಗುತ್ತದೆ. 2017ರ ನವೆಂಬರಿನಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಇದನ್ನು ಅರ್ಥಮಾಡಿಕೊಂಡಿತು. ಎಲ್ಲೆಡೆ ಒಂದೇ ಸರಳ ಚಿಕಿತ್ಸಾ ಕ್ರಮ, ಒಮ್ಮೆಗೆ ಮೂವತ್ತು ದಿನದ ಮಾತ್ರೆ, ಅಳತೆಯ ಹೊಣೆ ನರ್ಸುಗಳಿಗೆ, ಬಾರದವರನ್ನು ಹುಡುಕಿ ಕರೆಯುವುದು. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ಮನೆ ಬಾಗಿಲಿಗೇ ಹೋಗಿ ಮೂವತ್ತು ದಾಟಿದವರನ್ನು ತಪಾಸಣೆ ಮಾಡುತ್ತದೆ. ಒಳ್ಳೆಯ ಹೆಜ್ಜೆ. ಪತ್ತೆಯಾದವರಿಗೆ ವರ್ಷವಿಡೀ ಮಾತ್ರೆ ತಪ್ಪದೆ ಸಿಕ್ಕರೆ ಮಾತ್ರ ಆ ತಪಾಸಣೆಗೆ ಬೆಲೆ.

ಅಳತೆಯೂ ಸರಿಯಿರಬೇಕು. ಮೆಟ್ಟಿಲು ಹತ್ತಿ ಬಂದವರ ತೋಳಿಗೆ ಅಂಗಿಯ ಮೇಲೇ ಪಟ್ಟಿ ಸುತ್ತಿ, ಮಾತನಾಡಿಸುತ್ತಲೇ ಅಳೆದ ಅಂಕಿ ಅಂಕಿಯಲ್ಲ. ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಕೂತು, ಕಾಲು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಾತಾಡದೆ ಅಳೆಸಿಕೊಳ್ಳಬೇಕು. ಮೂತ್ರ ಕಟ್ಟಿಕೊಂಡಿರಬಾರದು, ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಆಗಿರಬಾರದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಕಾಯಿಲೆ. ಆಗ ‘ಆವತ್ತು ಸ್ವಲ್ಪ ಟೆನ್ಶನ್ ಇತ್ತು’ ಎಂಬ ಸಮಜಾಯಿಷಿ ಸಲ್ಲುವುದಿಲ್ಲ.

ಇಡೀ ಜನಸಮೂಹದ ಅಂಕಿಯನ್ನು ಕೆಳಗಿಳಿಸಿದ ದೇಶಗಳಿವೆ. ಇಂಗ್ಲೆಂಡ್ 2003ರಿಂದ ಬ್ರೆಡ್ಡು ಮುಂತಾದವುಗಳ ಉಪ್ಪನ್ನು ಕಂಪನಿಗಳಿಂದ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿಸಿತು, ತಿನ್ನುವವರ ನಾಲಗೆಗೆ ಅದು ಗೊತ್ತೇ ಆಗಲಿಲ್ಲ. ಚಿಲಿ ದೇಶ 2016ರಿಂದ ಉಪ್ಪು, ಸಕ್ಕರೆ ಹೆಚ್ಚಿದ ಪೊಟ್ಟಣಗಳ ಮೇಲೆ ಕಪ್ಪು ಎಚ್ಚರಿಕೆಯ ಗುರುತು ಹಾಕಿಸುತ್ತಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಮುಂದಿಟ್ಟ ಕರಡು ಎಚ್ಚರಿಕೆಯ ಬದಲು ನಕ್ಷತ್ರಗಳನ್ನು ಕೊಡುವ ಮಾತಾಡಿತು. ಕುರುಕಲಿನ ಪೊಟ್ಟಣಕ್ಕೆ ಎರಡು ನಕ್ಷತ್ರ ಕಂಡ ತಾಯಿ ಅದನ್ನು ಒಳ್ಳೆಯದೆಂದೇ ತಿಳಿಯುತ್ತಾಳೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರೊಂದಿಗೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು. ಕಿಡ್ನಿ ತೊಂದರೆಯಿರುವವರು, ಪೊಟ್ಯಾಸಿಯಂ ಏರಿಸುವ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಈ ಉಪ್ಪನ್ನು ಬಳಸಬಾರದು. ತಮಿಳುನಾಡಿನ ಉಪ್ಪು ನಿಗಮ ಕಡಿಮೆ ಸೋಡಿಯಂ ಉಪ್ಪನ್ನು 2014ರಲ್ಲೇ ಮಾರುಕಟ್ಟೆಗೆ ತಂದಿತ್ತು.

ಆದರೆ ನಮ್ಮಲ್ಲಿ ಉಪ್ಪಿನ ಬಹುಪಾಲು ಈಗಲೂ ಬರುವುದು ಪೊಟ್ಟಣದಿಂದಲ್ಲ, ಅಡುಗೆಯವರ ಕೈಯಿಂದ. ಆದ್ದರಿಂದ ಸರ್ಕಾರ ತನ್ನದೇ ಅಡುಗೆಮನೆಗಳಿಂದ ಆರಂಭಿಸಬೇಕು ಎಂದು ನಾನು ಒತ್ತಾಯಿಸುತ್ತೇನೆ. ಶಾಲೆಗಳ ಅಕ್ಷರ ದಾಸೋಹ, ಅಂಗನವಾಡಿ, ವಿದ್ಯಾರ್ಥಿ ನಿಲಯಗಳು, ಇಂದಿರಾ ಕ್ಯಾಂಟೀನ್, ಜಿಲ್ಲಾಸ್ಪತ್ರೆಯ ಊಟ: ಪ್ರತಿದಿನ ಲಕ್ಷಾಂತರ ಜನ ಉಣ್ಣುವ ಸಾಂಬಾರಿನ ಉಪ್ಪು ಸರ್ಕಾರದ ಮಾತಿನಲ್ಲಿದೆ. ಏಳು ವರ್ಷದ ಮಗುವಿನ ನಾಲಗೆ ಯಾವ ರುಚಿಗೆ ಒಗ್ಗಿಕೊಳ್ಳುತ್ತದೆ ಎಂಬುದು ಬಹುಮಟ್ಟಿಗೆ ಅಲ್ಲಿ ತೀರ್ಮಾನವಾಗುತ್ತದೆ. ಆ ಪಾತ್ರೆಗಳಲ್ಲಿ ಉಪ್ಪನ್ನು ಮೂರು ತಿಂಗಳಿಗೊಮ್ಮೆ ಸ್ವಲ್ಪಸ್ವಲ್ಪವೇ ತಗ್ಗಿಸುತ್ತ ಹೋಗಲು ವಿಧಾನಸಭೆಯ ಮಸೂದೆ ಬೇಡ, ಕಂಪನಿಗಳ ಒಪ್ಪಿಗೆ ಬೇಡ. ಒಂದು ಸುತ್ತೋಲೆ, ಬಿಸಿಯೂಟದ ಅಕ್ಕಂದಿರ ಕೈಗೆ ಒಂದು ಅಳತೆಯ ಲೋಟ, ಆ ಲೋಟ ಏಕೆಂದು ಅವರಿಗೆ ಗೌರವದಿಂದ ತಿಳಿಸಿ ಹೇಳುವ ಒಂದು ದಿನದ ತರಬೇತಿ ಸಾಕು. ಈ ಶೈಕ್ಷಣಿಕ ವರ್ಷದಲ್ಲೇ ಒಂದು ತಾಲ್ಲೂಕಿನಲ್ಲಿ ಇದನ್ನು ಮಾಡಿ ನೋಡಬಹುದು.